ವಕೀಲರಿಗೆ ಕಳಿಸಿದ ಕೋಳಿ

ಅಕ್ಕಾ, ವಕೀಲರಿಗೆಂದು ನೀನು ಕಳಿಸಿದ ನಾಟಿಕೋಳಿಗಳನ್ನು ತಿಂದವನು ನಾನು. ಕೋಳಿ ಮಾತ್ರವಲ್ಲ — ತುಪ್ಪ, ಹಿದುಕಿದ ಅವರೆಬೇಳೆ, ಹೊಸ ಹುಣಸೆಹಣ್ಣು... ಒಂದೂ ಅವರಿಗೆ ತಲುಪಲಿಲ್ಲ. ಎಲ್ಲವೂ ಉರಿಗಾಂನ ನನ್ನ ಮನೆಯ ಒಲೆ ಸೇರಿತು. ಏಳು ವರ್ಷವಾಯಿತು, ಈಗ ಬಾಯಿಬಿಡುತ್ತಿದ್ದೇನೆ.

ಬಂಗಾರಪೇಟೆ ರಸ್ತೆಯಲ್ಲಿ ಟೆಂಪೊ ಗುದ್ದಿ ನಿನ್ನ ಕಾಲು ಮುರಿದಾಗ ನಾನು ಓಡಾಡಿದ್ದು ಸುಳ್ಳಲ್ಲ. ಆಸ್ಪತ್ರೆಯ ಬಾಗಿಲಲ್ಲೇ 'ಪರಿಹಾರ ಕೊಡಿಸ್ತೀವಿ, ಸಹಿ ಹಾಕಿ' ಎಂದು ಗಂಟುಬಿದ್ದ ದಲ್ಲಾಳಿಗಳನ್ನು ಬೈದು ಅಟ್ಟಿದೆ. ನಾಲ್ಕು ಜನರನ್ನು ವಿಚಾರಿಸಿ, ಕೆಜಿಎಫ್ ಕೋರ್ಟಿನಲ್ಲಿ ಒಳ್ಳೆಯ ವಕೀಲರನ್ನೇ ಹುಡುಕಿದೆ. ಅಲ್ಲಿಯವರೆಗೆ ನಿನ್ನ ತಮ್ಮ ಸರಿಯಾಗಿಯೇ ಇದ್ದ.

ಮೊದಲ ಕೋಳಿಯನ್ನು ಚೀಲದಲ್ಲಿ ಹಿಡಿದು ಅವರ ಕಚೇರಿಗೆ ಹೋದೆ, ದೇವರಾಣೆ. ಅವರು ನಕ್ಕರು. "ಇದೆಲ್ಲ ಬೇಡಪ್ಪಾ. ನನ್ನ ಫೀಸು ಕೇಸು ಮುಗಿದ ಮೇಲೆ ನೋಡೋಣ. ಅಕ್ಕನಿಗೇ ಸಾರು ಮಾಡಿ ಹಾಕು." ಈ ಮಾತನ್ನು ನಿನಗೆ ಹೇಳಬೇಕಿತ್ತು. ಹೇಳಲಿಲ್ಲ — ನಾಲಿಗೆ ಚಪಲ, ಇನ್ನೇನು! ಹೆಂಡತಿಗೆ 'ಅಕ್ಕ ಕಳಿಸಿದಳು' ಎಂದೆ, ನಿನಗೆ 'ವಕೀಲರು ಬೆರಳು ಚೀಪಿಕೊಂಡು ತಿಂದರಂತೆ' ಎಂದೆ. ನಿನ್ನ ಮುಖ ಅರಳಿತು.

"ಅಂಗಂದ್ರಾ? ಇನ್ನೊಂದ್ ಕಳಿಸ್ತೀನಿ ತಡಿ. ನಮ್ ಕೇಸು ಮರೀಬಾರ್ದು ಕಣ್ಲಾ ಅವ್ರು."

ಆಮೇಲೆ ಪ್ರತಿ ವಾಯಿದೆಗೂ ಒಂದು ಚೀಲ. ಕಟ್ಟು ಹಾಕಿದ ಕಾಲನ್ನು ಮಂಚದ ಮೇಲೆ ಚಾಚಿಕೊಂಡು ನೀನು ಹಗಲೆಲ್ಲ ಅವರೆಕಾಳು ಹಿದುಕುತ್ತಿದ್ದೆ. ಒಂದು ಹಿಡಿ ನಿನ್ನ ಸಾರಿಗೆಂದು ಇಟ್ಟುಕೊಂಡದ್ದನ್ನು ನಾನು ಕಾಣೆ. ನನ್ನ ಗಂಟಲಲ್ಲಿ ಅದು ಹೇಗೆ ಇಳಿಯಿತೋ — ಇಳಿಯಿತು, ರುಚಿಯಾಗಿಯೇ ಇಳಿಯಿತು. ನಾನು ಕೇಳಿದ್ದರೆ ನೀನೇ ಕರೆದು ಬಡಿಸುತ್ತಿದ್ದೆ.

ಇಷ್ಟೇ ಆಗಿದ್ದರೆ ನೀನು ಎರಡು ಬೈದು ನಕ್ಕುಬಿಡುತ್ತಿದ್ದೆ. ಆದರೆ ಲೋಕ ಅದಾಲತ್ತಿನ ದಿನ... ವಿಮೆಯವರು ರಾಜಿಗೆ ಬಂದರು. ವಕೀಲರು ಒಪ್ಪಲಿಲ್ಲ. "ಇದು ಕಡಿಮೆಯಾಯ್ತಮ್ಮಾ. ಕಾಲು ಎಷ್ಟು ಊನವಾಗಿದೆ ಅಂತ ಡಾಕ್ಟರ ಸಾಕ್ಷಿ ಆಗಲಿ. ಸ್ವಲ್ಪ ತಡೆದರೆ ಇನ್ನೊಂದು ಆಪರೇಷನ್ನಿಗೆ ಆಗುವಷ್ಟು ಬರಬಹುದು."

ನೀನು ನನ್ನನ್ನು ಮೂಲೆಗೆ ಕರೆದು ಪಿಸುಗುಟ್ಟಿದೆ: "ಇನ್ನ ಎಷ್ಟ್ ದಿನಾಂತ ಕಾಯೋದ್ಲಾ? ಕೋಳಿಗೂಡು ಬರಿದಾಯ್ತು. ಅವ್ರಿಗೆ ಕಳ್ಸಾಕೆ ನನ್ ತಾವ ಏನೂ ಇಲ್ಲ. ಬರೀ ಕೈಯಾಗೆ ಎಂಗ್ ಮಕ ತೋರ್ಸ್ಲಿ? ಸಾಕು, ಮುಗ್ಸಿಬಿಡಾಣ."

ಆಗ ಒಂದೇ ಮಾತು ಸಾಕಿತ್ತು — 'ಅಕ್ಕಾ, ಅವರು ಏನೂ ಕೇಳಿಲ್ಲ.' ವಕೀಲರು ಎರಡು ಹೆಜ್ಜೆ ದೂರದಲ್ಲೇ ನಿಂತಿದ್ದರು. ನನ್ನ ಮಾನ ಹೋಗುತ್ತದೆಂದು ಬಾಯಿ ಮುಚ್ಚಿಕೊಂಡೆ. ನೀನು ಸಹಿ ಹಾಕಿದೆ.

ಆಪರೇಷನ್ ಆಗಲೇ ಇಲ್ಲ. ಈಗಲೂ ಬಿಂದಿಗೆ ಎತ್ತಿದರೆ ಎಡಗಾಲು ಎಳೆಯುತ್ತೀಯ. ಕೇಳಿದವರಿಗೆ "ನನ್ ತಮ್ಮ ಇಲ್ದಿದ್ರೆ ಕೋರ್ಟು ಕಚೇರಿ ನಂಗೆಲ್ಲಿ ತಿಳೀತಿತ್ತು" ಅನ್ನುತ್ತೀಯ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಏನೋ ನೆಪ ಹೇಳಿ ಎದ್ದು ಹೋಗುತ್ತೇನೆ, ಅಕ್ಕಾ.

ಈ ಭಾನುವಾರ ಬರುತ್ತಿದ್ದೇನೆ. ಇಲ್ಲಿ ಒಬ್ಬನೇ ಹೇಳಿಕೊಂಡ ಇದನ್ನೆಲ್ಲ ನಿನ್ನ ಬಾಗಿಲಾಚೆ ನಿಂತೇ ಹೇಳುತ್ತೇನೆ. ಒಳಗೆ ಕಾಲಿಟ್ಟರೆ ನೀನು ಮೊದಲು ತಟ್ಟೆ ಹಾಕುತ್ತೀಯ — ಅದರ ಮುಂದೆ ಕೂತು ನಾನು ಮತ್ತೆ ಸುಮ್ಮನಾಗಿಬಿಡುತ್ತೇನೆ.