ನಮಗಿಂತ ಮೊದಲು ಹೊರಟ ಗಂಟು

ಫಾರಿನ್ನಿಗೆ ಹೋಗೋಣ ಎಂದು ಮೊದಲು ಬಾಯಿಬಿಟ್ಟವಳು ನನ್ನ ಹೆಂಡತಿ. ಚನ್ನಗಿರಿಯಿಂದ ಸಂತೇಬೆನ್ನೂರಿಗೆ ಹೋಗುವುದಿದ್ದರೂ ಬಸ್ಸಿನ ಟೈರನ್ನು ಒಮ್ಮೆ ಒದ್ದು ನೋಡಿ ಹತ್ತುವ ನನ್ನ ಬಾಯಲ್ಲಿ ಅಂಥ ಮಾತು ಬರುವುದು ಸಾಧ್ಯವೇ ಇರಲಿಲ್ಲ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಚನ್ನಗಿರಿಯಲ್ಲಿ ನಮ್ಮದೊಂದು ಬಟ್ಟೆ ಅಂಗಡಿ. ಮಗಳು ಒಂದನೇ ಕ್ಲಾಸು ಮುಗಿಸಿದ್ದಳು. ಮಗನದು ಚಡ್ಡಿ ಹಾಕಿಕೊಳ್ಳುವುದೇ ಅವಮಾನ ಎಂದು ತಿಳಿಯುವ ವಯಸ್ಸು. ಹೆಂಡತಿಯ ತವರು ಜಗಳೂರು, ಮಳೆಯ ಮೋಡ ಬಂದರೆ ನೆಂಟರು ಬಂದಂತೆ ಹೊರಗೆ ಬಂದು ನೋಡುವ ಸೀಮೆ. ಅಲ್ಲಿನ ಶಾಲೆಯಲ್ಲಿ ಮೇಷ್ಟ್ರೊಬ್ಬರು, ಕೆಲವು ಕಡೆ ಆಕಾಶದಿಂದ ಹತ್ತಿಯ ಹಾಗೆ ಹಿಮ ಬಿದ್ದು ಬೆಟ್ಟದ ಮೇಲೆ ವರ್ಷಗಟ್ಟಲೆ ಹಾಗೇ ಕೂತಿರುತ್ತದೆ ಎಂದಿದ್ದರಂತೆ. ಬಿದ್ದ ನೀರು ಅರ್ಧ ಗಳಿಗೆಯಲ್ಲಿ ನೆಲಕ್ಕೆ ಇಂಗಿಹೋಗುವುದನ್ನಷ್ಟೇ ಕಂಡಿದ್ದ ಹುಡುಗಿ ಅದನ್ನು ನಂಬಿರಲಿಲ್ಲ. ಕಣ್ಣಾರೆ ನೋಡಿಯೇ ನಂಬಬೇಕು ಎಂದು ಅಂದೇ ಕಟ್ಟಿಕೊಂಡ ಹಟ ಮದುವೆಯ ಜೊತೆ ನಮ್ಮ ಮನೆಗೆ ಬಂತು.

ಅವಳ ತಮ್ಮನ ಹತ್ತಿರ ಒಂದು ವ್ಯಾನಿತ್ತು. ಶೇಂಗಾ ಚೀಲ, ಮದುವೆ ದಿಬ್ಬಣ ಎರಡನ್ನೂ ಒಂದೇ ವೇಗದಲ್ಲಿ ಸಾಗಿಸುತ್ತಿದ್ದ ಗಾಡಿ. ಮುಂಗಾರಿಗೆ ಮುಂಚೆ ಅದನ್ನು ಮಾರಿಬಿಡುತ್ತೇನೆ ಎಂದು ಅವನು ಹೇಳಿದ ದಿನವೇ ಹೆಂಡತಿ ಊಟಕ್ಕೆ ಬಡಿಸುತ್ತಾ ವಿಷಯ ಎತ್ತಿದಳು.

"ರೀ, ನೇಪಾಳಕ್ಕೆ ಗಾಡೀಲೇ ಹೋಗ್ಬೋದಂತೆ. ತಮ್ಮ ಓಡಿಸ್ತೀನಿ ಅಂತಾನೆ."

"ಚಿಕ್ಕ ಮಕ್ಕಳು ಅದಾವಲ್ಲೇ."

"ಅವುನ್ನೂ ಕರ್ಕಂಡೇ ಹೋಗಾದು. ಈ ಬೇಸಿಗೆ ಹೋದ್ರೆ ಹೋದ್ವಿ. ವ್ಯಾನು ಹೋದ ಮ್ಯಾಲೆ ನಾನು ಹಿಮ ನೋಡಾದು ಕ್ಯಾಲೆಂಡರ್‌ನಾಗೇ."

ಅವಳು ಜೋರಾಗೇನೂ ಹೇಳಲಿಲ್ಲ. ಸಾರಿನ ಸೌಟನ್ನು ಪಾತ್ರೆಗೆ ಇಳಿಸಿ, ನನ್ನ ಮುಖ ನೋಡದೆ ಕಾದಳು. ಬೇಡ ಎಂದರೆ ಅವಳು ಇನ್ನೆಂದೂ ಕೇಳುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಹಾಗಾಗಿ ಬೇಡ ಎನ್ನಲಿಲ್ಲ. "ನೋಡಾಣ" ಎಂದೆ. ನನ್ನಂಥವರ ಬಾಯಲ್ಲಿ ಆ ಮಾತಿಗೆ ಏನು ಅರ್ಥ ಎಂಬುದು ಅವಳಿಗೂ ಗೊತ್ತಿತ್ತು.

ಅಂಗಡಿಯಲ್ಲಿ ಸುದ್ದಿ ಹಬ್ಬಿತು. ಪಂಚೆ ಕೊಳ್ಳಲು ಬಂದವರೊಬ್ಬರು ಪಂಚೆಯ ಅಂಚನ್ನು ಬೆಳಕಿಗೆ ಹಿಡಿದೇ ಕೇಳಿದರು: "ಪಾಸ್‌ಪೋರ್ಟು ಬ್ಯಾಡ, ವಿಮಾನ ಬ್ಯಾಡ. ಅದೆಂಥ ಫಾರಿನ್ ರೀ ಸಾವ್ಕಾರ್ರೆ? ಹೊನ್ನಾಳಿ ಸಂತೆಗೆ ಹೋದಂಗಾತಲ್ಲ!" ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಒಳಗೆ ಬೇರೆಯದೇ ಲೆಕ್ಕ ನಡೆದಿತ್ತು. ದಾರಿಯಲ್ಲಿ ಟೈರು ಹೋದರೆ? ಗಡಿಯಲ್ಲಿ ಗಾಡಿ ತಡೆದರೆ? ನನಗೆ ಬರುವ ಹಿಂದಿಯೆಲ್ಲ ಥಾನು, ಮೀಟರು, ರಂಗು ಪಕ್ಕಾ ಎಂಬ ಬಟ್ಟೆ ವ್ಯಾಪಾರದ ಮಾತುಗಳಷ್ಟೇ. ಮಗುವಿಗೆ ಜ್ವರ ಬಂದರೆ ಡಾಕ್ಟರ ಮುಂದೆ ನಿಂತು ರಂಗು ಪಕ್ಕಾ ಎನ್ನಲೇ? ಎಲ್ಲಕ್ಕಿಂತ ದೊಡ್ಡ ಚಿಂತೆ ಮಗನದು. ನಮ್ಮ ಹಿತ್ತಲಿನಲ್ಲಿ, ಅಜ್ಜಿ ಎದುರಿಗೆ ನಿಂತಿದ್ದರೆ ಮಾತ್ರ ಅವನಿಗೆ ಎರಡಕ್ಕೆ ಆಗುತ್ತಿತ್ತು. ನೇಪಾಳದವರೆಗೆ ಹಿತ್ತಲನ್ನೂ ಅಜ್ಜಿಯನ್ನೂ ಒಯ್ಯುವುದು ಹೇಗೆ?

ಅಜ್ಜಿ ಎಂದರೆ ನನ್ನ ಅವ್ವ. ನಾನು ನೆಚ್ಚಿಕೊಂಡಿದ್ದದ್ದೂ ಅವಳನ್ನೇ. ಮೊಮ್ಮಕ್ಕಳು ಬೀದಿ ಬಾಗಿಲು ದಾಟಿದರೆ ಕೂಗುವವಳು ದೇಶ ದಾಟಲು ಬಿಟ್ಟಾಳೇ? ಹಿಟ್ಟು ಜರಡಿ ಹಿಡಿಯುತ್ತಿದ್ದವಳ ಮುಂದೆ ಕೂತು, ಆದಷ್ಟು ಗಾಬರಿ ಹುಟ್ಟುವ ಹಾಗೆ ವಿಷಯ ತಿಳಿಸಿದೆ. ಜರಡಿ ನಿಲ್ಲಲಿಲ್ಲ.

"ಪಶುಪತಿನಾಥ ಇರಾದು ಅಲ್ಲೇ ಅಲ್ಲೇನೋ? ನನ್ನ ಹೆಸರ್ನಾಗೂ ಒಂದು ಪತ್ರೆ ಏರಿಸಿ ಬಾ. ಅಂಗಡಿ ನಾನು ನೋಡ್ಕಂತೀನಿ."

"ಅಲ್ಲವ್ವಾ, ದಾರಿಯಾಗೆ ಏನಾರ ಆದ್ರೆ?"

"ಮನ್ಯಾಗಿದ್ರೆ ಏನೂ ಆಗಂಗಿಲ್ಲ ಅಂತ ನಿಂಗ್ಯಾರು ಬರ್ಕೊಟ್ಟಾರೆ? ಹುಟ್ಟಾಗ್ಲೂ ನೀನು ಹಿಂಗೇ, ಬರ್ಲೋ ಬ್ಯಾಡ್ವೋ ಅಂತ ಎಲ್ಲರನ್ನೂ ಕಾಯ್ಸಿದ್ದೆ."

ಉಳಿದಿದ್ದವರು ಅಯ್ಯನವರು. ಮನೆಯ ಶುಭ ಕಾರ್ಯಕ್ಕೆಲ್ಲ ದಿನ ನೋಡಿ ಹೇಳುವವರು ಅವರೇ. ಉತ್ತರ ದಿಕ್ಕು ಈ ವರ್ಷ ಸರಿಯಿಲ್ಲ ಎಂದುಬಿಟ್ಟರೆ ತಪ್ಪು ನನ್ನದಾಗುವುದಿಲ್ಲ, ಪಂಚಾಂಗದ್ದಾಗುತ್ತದೆ ಎಂಬ ಆಸೆಯಿಂದ ಹೋದೆ. ಅವರು ಪಂಚಾಂಗ ತಿರುವಿ, ಬರುವ ಸೋಮವಾರ ಬೆಳಗ್ಗೆ ಅಂಥ ಒಳ್ಳೆಯ ಗಳಿಗೆ ಮತ್ತೆ ಸಿಗುವುದಿಲ್ಲ ಎಂದರು.

"ಸೋಮವಾರ ಆಗಂಗಿಲ್ಲ ಅಯ್ನೋರೆ," ಎಂದೆ ಖುಷಿಯಿಂದ. "ಅಷ್ಟು ದಿನಕ್ಕೆ ಗಾಡಿ ಸಿಗಾದು ಅದರ ಮುಂದಿನ ವಾರ."

"ಅದಕ್ಕೇನಾತು, ಪ್ರಸ್ಥಾನ ಇಡ್ರಿ."

ಒಳ್ಳೆಯ ಗಳಿಗೆಯಲ್ಲಿ ನಾವು ಹೊರಡಲಾಗದಿದ್ದರೆ ನಮ್ಮ ಬದಲು ಒಂದು ಗಂಟನ್ನು ಹೊರಡಿಸುವ ಪದ್ಧತಿ ಅದು. ಅಕ್ಕಿ, ಅರಿಶಿನದ ಕೊಂಬು, ಎಲೆ, ಅಡಿಕೆ, ಉಡುವ ಒಂದು ಬಟ್ಟೆ ಕಟ್ಟಿ, ಹೋಗುವ ದಿಕ್ಕಿನಲ್ಲಿರುವ ಬೇರೊಬ್ಬರ ಮನೆಯಲ್ಲಿ ಇಟ್ಟರೆ ಅಲ್ಲಿಗೆ ಪ್ರಯಾಣ ಶುರುವಾದಂತೆ. ಆಮೇಲೆ ನಾವು ಮನೆಗೆ ಬಂದು ಉಂಡು ಮಲಗಬಹುದು. ಗಂಟು ಮಾತ್ರ ಹಿಂದಿರುಗಿ ಬರಕೂಡದು. ನಾನು ತಲೆಯಾಡಿಸಿ ಎದ್ದು ಬಂದೆ. ಅವ್ವ ಕೇಳಿದ್ದಕ್ಕೆ ಅಯ್ಯನವರ ಮಾತನ್ನು ಇದ್ದ ಹಾಗೇ ಒಪ್ಪಿಸಿ ಮರೆತುಬಿಟ್ಟೆ. ನನ್ನ ತಲೆಯಲ್ಲಿ ಅಷ್ಟರಲ್ಲಿ ಹೊಸ ಉಪಾಯ ಹೊಳೆದಿತ್ತು.

ತಾಲೀಮು! ದೊಡ್ಡ ಪ್ರಯಾಣಕ್ಕೆ ಮುಂಚೆ ಒಂದು ಸಣ್ಣ ಪ್ರಯಾಣ. ಚನ್ನಗಿರಿಯಿಂದ ಸಾಸ್ವೆಹಳ್ಳಿಯ ಮೇಲೆ ಹೊನ್ನಾಳಿ, ನ್ಯಾಮತಿ, ಅಲ್ಲಿಂದ ತಿರುಗಿ ಸಂಜೆಯೊಳಗೆ ಜಗಳೂರು. ಮಕ್ಕಳು ತಡೆದುಕೊಂಡರೆ ನೇಪಾಳ, ಇಲ್ಲದಿದ್ದರೆ ಇಲ್ಲ. ಹೆಂಡತಿ ತಕ್ಷಣ ಒಪ್ಪಿದಳು. "ಸೋಮವಾರನೇ ಹೋಗಾಣ," ಎಂದಳು. ಅವಳು ಅಷ್ಟು ಬೇಗ ಒಪ್ಪಿದಾಗಲೇ ನಾನು ಎಚ್ಚರವಾಗಬೇಕಿತ್ತು.

ಭಾನುವಾರವೇ ಭಾವಮೈದ ವ್ಯಾನು ತಂದಿದ್ದ. ಸೋಮವಾರ ಬೆಳಗ್ಗೆ ರೊಟ್ಟಿ, ಚಟ್ನಿಪುಡಿ, ಮಂಡಕ್ಕಿ, ಮಕ್ಕಳಿಗೆ ವಾಂತಿ ಬಂದರೆ ಮೂಸಲು ನಿಂಬೆಹಣ್ಣು ಎಲ್ಲ ಹತ್ತಿದವು. ಅವ್ವ ತನ್ನ ಹಳೆಯ ಸೀರೆಯೊಂದನ್ನು ಮಡಚಿ ಕೊಟ್ಟಳು. ಕೊನೆಗೆ ಒಂದು ಸಣ್ಣ ಗಂಟನ್ನು ಸೊಸೆಯ ಮಡಿಲಿಗಿಟ್ಟಳು. ತವರಿಗೆ ಏನೋ ಕಳಿಸುತ್ತಿದ್ದಾಳೆ ಎಂದುಕೊಂಡು ನಾನು ಟೈರು ಒದೆಯಲು ಹೋದೆ.

ಸಾಸ್ವೆಹಳ್ಳಿ ಬರುವ ಹೊತ್ತಿಗೆ ಮಕ್ಕಳು ಮಂಡಕ್ಕಿ ತಿನ್ನುತ್ತಾ ಹಾಡುತ್ತಿದ್ದರು. ನಿಂಬೆಹಣ್ಣು ನನ್ನ ಮೂಗಿನ ಹತ್ತಿರ ಬಂದಿತ್ತು. ಹೊನ್ನಾಳಿಯ ಸೇತುವೆ ಮೇಲೆ ಮಗಳು ಕೆಳಗೆ ಹೊಳೆ ನೋಡಿ, "ಅಪ್ಪಾಜಿ, ಇದನ್ನ ದಾಟಿದ್ರೆ ಫಾರಿನ್ನಾ?" ಎಂದು ಕೇಳಿದಳು. ಬಾಯಿ ತೆರೆಯುವ ಸ್ಥಿತಿಯಲ್ಲಿ ನಾನಿರಲಿಲ್ಲ. ಸೇತುವೆ ದಾಟಿದ್ದೇ ಭಾವಮೈದ ಗಾಡಿ ನಿಲ್ಲಿಸಿದ. ನಾನು ಇಳಿದು ಹೋಗಿ ಒಂದು ಹುಣಸೆ ಮರದ ಬುಡದಲ್ಲಿ ಬೆಳಗಿನ ತಿಂಡಿಗೆ ವಿದಾಯ ಹೇಳಿದೆ.

"ಭಾವ, ತಾಲೀಮು ಯಾರಿಗೆ ಅಂದಿದ್ರಿ?" ಎಂದ ಅವನು ನೀರಿನ ಚೊಂಬು ಕೊಡುತ್ತಾ.

ನ್ಯಾಮತಿ ದಾಟಿ ಸೂರಗೊಂಡನಕೊಪ್ಪದ ಕಡೆ ಒಂದು ಬೇವಿನ ನೆರಳಲ್ಲಿ ಬುತ್ತಿ ಬಿಚ್ಚಿದೆವು. ಅಲ್ಲೇ ಮಗ ಹೊಟ್ಟೆ ಹಿಡಿದುಕೊಂಡು ನಿಂತ. ಈಗ ಗೊತ್ತಾಗುತ್ತದೆ ಎಂದು ನಾನು ನೆಟ್ಟಗೆ ಕೂತೆ. ಹೆಂಡತಿ ಅವ್ವನ ಸೀರೆ ಬಿಚ್ಚಿ, ತಮ್ಮನಿಗೆ ಒಂದು ತುದಿ ಕೊಟ್ಟು, ಎರಡು ಗಿಡಗಳ ನಡುವೆ ಪರದೆ ಹಿಡಿದಳು. ಮಗ ಸೀರೆಯನ್ನು ಹತ್ತಿರದಿಂದ ನೋಡಿದ, ಮೂಸಿದ, "ಅಜ್ಜಿ," ಎಂದ. ಆಮೇಲೆ ನಿಶ್ಚಿಂತೆಯಿಂದ ಕುಕ್ಕರಗಾಲಲ್ಲಿ ಕೂತ. ವಾರಗಟ್ಟಲೆ ನನ್ನ ನಿದ್ದೆ ಕೆಡಿಸಿದ್ದ ಸಮಸ್ಯೆಯೊಂದು ಬೇವಿನ ಮರದ ಪಕ್ಕ ಹಾಗೆ ಬಗೆಹರಿಯಿತು.

ಜಗಳೂರು ಮುಟ್ಟಿದಾಗ ಬಿಸಿಲು ಇಳಿಯುತ್ತಿತ್ತು. ಮಕ್ಕಳು ವ್ಯಾನಿನಿಂದ ಹಾರಿ ತಾತನ ಕುರಿಮರಿಯ ಹಿಂದೆ ಓಡಿದರು. ನನ್ನನ್ನು ಭಾವಮೈದ ರಟ್ಟೆ ಹಿಡಿದು ಇಳಿಸಿದ. ಜಗಲಿಯ ಮೇಲೆ ಮಜ್ಜಿಗೆ ಕುಡಿದು ಸುಧಾರಿಸಿಕೊಂಡ ಮೇಲೆ, ಮಾವನವರ ಮುಂದೆ ಗಂಭೀರವಾಗಿ ಹೇಳಿದೆ: "ನೋಡ್ರಿ ಮಾವ, ಮಕ್ಕಳಿಗೆ ಭಾಳ ತ್ರಾಸಾಗತೈತೆ. ಇನ್ನೊಂದು ನಾಕು ವರ್ಷ ಹೋಗ್ಲಿ."

ಕುರಿಮರಿಯ ಜೊತೆ ಮಕ್ಕಳೂ ಅರಚುತ್ತಿದ್ದರು. ಮಾವನವರು ಆ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದರು. ಹೆಂಡತಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಬೆಳಗಿನಿಂದ ಅವಳ ಮುಖದಲ್ಲಿದ್ದ ಗೆಲುವು ಇಳಿದುಹೋಗಿತ್ತು.

"ಆಗ್ಲಿ," ಎಂದಳು. "ಹಂಗಾರೆ ಗಂಟು ನೀವೇ ಎತ್ಕಳ್ರಿ."

"ಯಾವ ಗಂಟು?"

ದೇವರ ಗೂಡಿನ ಕಡೆ ಕೈ ತೋರಿಸಿದಳು. ಬೆಳಗ್ಗೆ ಅವ್ವ ಕೊಟ್ಟಿದ್ದ ಗಂಟು ವಿಭೂತಿ, ಹೂವು ಇಟ್ಟುಕೊಂಡು ಅಲ್ಲಿ ಕೂತಿತ್ತು.

"ಪ್ರಸ್ಥಾನ," ಎಂದರು ಮಾವನವರು. "ನಿಮ್ಮ ಅವ್ವಾರೇ ಗಳಿಗೆ ನೋಡಿ ಕಳ್ಸ್ಯಾರೆ. ಉತ್ತರದ ದಾರಿಗೆ ನಮ್ಮನೆ ಸರಿಯಾಗತೈತಲ್ಲ. ಗಂಟು ಹೊರಟಾಗೈತೆ ಅಳೇಂದ್ರೆ. ನಮ್ಮ ಕಡೆ ಯಾರೂ ವಾಪಸ್ ಒಯ್ದದ್ದು ನಾನಂತೂ ಕಂಡಿಲ್ಲ. ನಿಮಗೆ ಧೈರ್ಯ ಇದ್ರೆ ಒಯ್ರಿ."

ಧೈರ್ಯ! ಬೆಕ್ಕು ಅಡ್ಡ ಹೋದರೆ ಅಂಗಡಿ ಬಾಗಿಲನ್ನು ತಡವಾಗಿ ತೆಗೆಯುವ ನನಗೆ! ಒಂದು ಕಡೆ ಹಳ್ಳ, ದಿಣ್ಣೆ, ಗಡಿ, ಗೊತ್ತಿಲ್ಲದ ಭಾಷೆ. ಇನ್ನೊಂದು ಕಡೆ, ಹೊರಟ ಗಂಟನ್ನು ಹಿಂದಕ್ಕೆ ತಂದ ಮೇಲೆ ಮಗು ಸೀನಿದರೂ ಅದರಿಂದಲೇ ಎಂದು ಕೊರಗುವ ಇಡೀ ಆಯುಷ್ಯ. ಎದ್ದು ದೇವರ ಗೂಡಿನವರೆಗೆ ಹೋದದ್ದು ನಿಜ. ಗಂಟಿನ ಮೇಲೆ ಕೈ ಚಾಚಿದ್ದೂ ನಿಜ. ಅದರ ತುದಿಯಿಂದ ಹೊರಗೆ ಇಣುಕುತ್ತಿದ್ದ ಬಟ್ಟೆ ಕಣ್ಣಿಗೆ ಬಿತ್ತು. ಹೆಂಡತಿಯ ಹೊಸ ಉಣ್ಣೆಯ ಶಾಲು. ಬಿಸಿಲಿನ ಜಗಳೂರಿನಲ್ಲಿ, ಬೇಸಿಗೆಯಲ್ಲಿ, ಉಣ್ಣೆಯ ಶಾಲು. ಯಾವಾಗ ಕೊಂಡಿದ್ದಳೋ.

ಚಾಚಿದ ಕೈಯನ್ನು ಹಾಗೇ ಹಣೆಗೆ ಒತ್ತಿಕೊಂಡು ನಮಸ್ಕಾರ ಮಾಡಿದೆ. "ಇರ್ಲಿ ಬಿಡ್ರಿ," ಎಂದೆ. "ಒಬ್ಬರಾದ್ರೂ ಹೊರಟ ಮ್ಯಾಲೆ ಉಳ್ದೋರು ಹಿಂದೆ ನಿಲ್ಲಾಕಾಗತ್ತೇನು?"

ಹೆಂಡತಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಒಣಮೆಣಸಿನಕಾಯಿ ಹುರಿಯುವ ಘಾಟೂ, ಅಕ್ಕ ತಮ್ಮ ಇಬ್ಬರೂ ಬಿದ್ದು ಬಿದ್ದು ನಗುವ ಸದ್ದೂ ಬಂದವು. ಹುಣಸೆ ಮರದ ಕಥೆ ನಡೆಯುತ್ತಿತ್ತು ಅಂತ ಕಾಣುತ್ತದೆ.

ಮರುದಿನ ಚನ್ನಗಿರಿಗೆ ಬಂದೆವು. ವಾರವೆಲ್ಲ ನಾನು ಎರಡು ಸ್ಟೆಪ್ನಿ ಹೊಂದಿಸುವುದರಲ್ಲಿ, ಜ್ವರದ ಮಾತ್ರೆಗೆ ಹಿಂದಿಯಲ್ಲಿ ಏನೆನ್ನುತ್ತಾರೆ ಎಂದು ವಿಚಾರಿಸುವುದರಲ್ಲಿ ಕಳೆದೆ. ಹೊರಡುವ ದಿನ ಅವ್ವ ಬಾಗಿಲಲ್ಲಿ ನಿಂತು, ನಾನು ಹೇಳಬೇಕೆಂದಿದ್ದ ಎಚ್ಚರಿಕೆಗಳನ್ನೆಲ್ಲ ನನಗಿಂತ ಮೊದಲೇ ಹೇಳಿ ಮುಗಿಸಿದಳು. ಜಗಳೂರಿನಲ್ಲಿ ವ್ಯಾನು ನಿಂತಿತು. ಹೆಂಡತಿ ಒಳಗೆ ಹೋಗಿ ಗಂಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದಳು. ಮುಂದಿನ ಸೀಟಿನಲ್ಲಿ ಕೂತು ಮಡಿಲಲ್ಲಿಟ್ಟುಕೊಂಡಳು. ನಾನು ಇಳಿದು ನಾಲ್ಕೂ ಟೈರು ಒದ್ದು ಬಂದೆ.

"ಅಪ್ಪಾಜಿ, ಇನ್ನೆಷ್ಟು ದೂರ?" ಎಂದಳು ಮಗಳು.

ಹೆಂಡತಿ ಹಿಂದೆ ತಿರುಗದೆಯೇ ಭುಜದ ಮೇಲಿಂದ ಕೈ ಚಾಚಿದಳು. ಅಂಗೈಯಲ್ಲಿ ನಿಂಬೆಹಣ್ಣಿತ್ತು. ತಗೊಂಡೆ.