ಬಾಯಿ ಬಿಡದ ರಾಮಕ್ಕಾಳ್

೧೯೯೮ರಲ್ಲಿ ನಾನು ತಮಿಳುನಾಡಿನ ತೇನಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಬೆನ್ನುಮೂಳೆಯ ಸರ್ಜನ್ ಆಗಿದ್ದೆ. ಊರು ಚಿತ್ರದುರ್ಗದ ಕಡೆ, ತಮಿಳು ಅಷ್ಟಕ್ಕಷ್ಟೆ. ಎಂಡೋಸ್ಕೋಪ್‌ನಿಂದ ಡಿಸ್ಕ್ ತೆಗೆಯುವುದನ್ನು ಆಗಷ್ಟೇ ಕಲಿತು ಬಂದಿದ್ದೆ, ತಲೆಗೆ ಸ್ವಲ್ಪ ಕೊಂಬೂ ಬಂದಿತ್ತು.

ಕಂಬಂ ಹತ್ತಿರದ ತೋಟದಿಂದ ರಾಮಕ್ಕಾಳ್ ಬಂದಳು. ನಲವತ್ತರ ಹೆಂಗಸು, ತಲೆತಲಾಂತರದಿಂದ ಅಲ್ಲೇ ನೆಲೆಸಿದ ಕನ್ನಡದ ಮನೆತನ. ದಿನವಿಡೀ ದ್ರಾಕ್ಷಿ ಚಪ್ಪರದ ಕೆಳಗೆ ನಿಂತು ಬಳ್ಳಿ ಕತ್ತರಿಸುವ ಕೆಲಸ. ಸೊಂಟದ ನಾಲ್ಕು ಮತ್ತು ಐದನೆಯ ಮೂಳೆಗಳ ನಡುವಿನ ಡಿಸ್ಕ್ ಹೊರಚಾಚಿ ನರವನ್ನು ಒತ್ತುತ್ತಿತ್ತು. ಬಲಗಾಲಿನ ಹೆಬ್ಬೆರಳು ಮೇಲೇಳುತ್ತಿರಲಿಲ್ಲ. ತಡಮಾಡಿದರೆ ಪಾದವೇ ಜೋತುಬೀಳುವ ಭಯವಿತ್ತು.

ಈ ಶಸ್ತ್ರಚಿಕಿತ್ಸೆಯಲ್ಲಿ ರೋಗಿಗೆ ಪೂರ್ತಿ ಪ್ರಜ್ಞೆ ತಪ್ಪಿಸುವುದಿಲ್ಲ. ಸೊಂಟದ ಪಕ್ಕ ಎಂಟು ಮಿಲಿಮೀಟರ್ ಗಾಯ, ಅದರೊಳಗೆ ಪೆನ್ಸಿಲ್ ದಪ್ಪದ ಕೊಳವೆ, ಕೊಳವೆಯಲ್ಲಿ ಕ್ಯಾಮೆರಾ. ದಾರಿಯಲ್ಲಿ ಇನ್ನೊಂದು ನರ ಹಾದುಹೋಗುತ್ತದೆ. ಕೊಳವೆ ಅದಕ್ಕೆ ತಗುಲಿದರೆ ಕಾಲಿಗೆ ನೋವು ಚಿಮ್ಮುತ್ತದೆ, ರೋಗಿ ಹೇಳುತ್ತಾರೆ, ನಾವು ನಿಲ್ಲುತ್ತೇವೆ. ಇದನ್ನು ಹಿಂದಿನ ದಿನವೇ ಅವಳಿಗೂ ತಾಯಿ ಕೆಂಚಮ್ಮಾಳ್‌ಗೂ ವಿವರಿಸಿದ್ದೆ. ಇಬ್ಬರೂ ತಲೆಯಾಡಿಸಿದ್ದರು.

ಬೆಳಿಗ್ಗೆ ಒಂಬತ್ತಕ್ಕೆ ಶುರುಮಾಡಿದೆ.

"ಕಾಲಿಗೆ ನೋವು ಚಿಮ್ತಿದೆಯಾ?"

"ಇಲ್ಲ ಸಾಮಿ."

ಇನ್ನಷ್ಟು ಒಳಗೆ ಹೋದೆ. "ಈಗ?"

"ಇಲ್ಲ ಸಾಮಿ."

ನನ್ನ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬರುತ್ತಿತ್ತು. ಎಂಥ ಒಳ್ಳೆಯ ರೋಗಿ ಎಂದು ಹಿಗ್ಗಿದ ದಡ್ಡ ನಾನು. ಆಗ ಪಾದ ಹಿಡಿದಿದ್ದ ನರ್ಸ್, ಬೆರಳುಗಳೆಲ್ಲ ಮಡಚಿಕೊಂಡು ಬಿಗಿಯಾಗಿವೆ ಎಂದಳು. ಮಾನಿಟರ್‌ನಲ್ಲಿ ನಾಡಿ ನೂರಮೂವತ್ತು. ಅರಿವಳಿಕೆ ವೈದ್ಯರು ಬಗ್ಗಿ ನೋಡಿದರೆ, ರಾಮಕ್ಕಾಳ್ ಹೊದಿಕೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು. ಉತ್ತರ ಕೊಡಲಷ್ಟೇ ಬಿಡುತ್ತಿದ್ದಳು.

ಕೊಳವೆಯನ್ನು ಹಿಂದಕ್ಕೆಳೆದು, "ಯಾಕಮ್ಮ ಹೇಳಲಿಲ್ಲ?" ಎಂದು ರೇಗಿಯೇ ಕೇಳಿದೆ.

"ಕೂಗಬ್ಯಾಡ ಅಂತ ಅವ್ವ ಸೊಲ್ಲವ್ಳೆ ಸಾಮಿ. ನಾನು ಕೂಗಿದ್ರೆ ಡಾಕ್ಟರ್ ಕೈ ನಡುಗ್ತದಂತೆ."

ಅವರ ಮನೆಯ ಹೆಂಗಸರು ಹೆರಿಗೆಯಲ್ಲೂ ಸದ್ದು ಮಾಡುವವರಲ್ಲವಂತೆ. ನಾನು ತಿಳಿಹೇಳಿದ್ದಕ್ಕೆಲ್ಲ "ಆಗಲಿ ಸಾಮಿ" ಎಂದಳು. ಆ ದನಿಯನ್ನು ಇನ್ನು ನಂಬಲು ಧೈರ್ಯವಾಗಲಿಲ್ಲ. ಮುಂದುವರಿದರೆ ಕುರುಡಾಟ, ನಿಲ್ಲಿಸಿದರೆ ನರದ ಮೇಲಿನ ಒತ್ತಡ ಹಾಗೇ ಉಳಿಯುತ್ತದೆ. ಆ ಬಾಯಿಗೆ ಬೀಗ ಹಾಕಿದ ತಾಯಿಯೇ ತೆಗೆಯಬೇಕಿತ್ತು. ಕೆಂಚಮ್ಮಾಳ್‌ಗೆ ಗೌನು, ಟೋಪಿ, ಮಾಸ್ಕ್ ತೊಡಿಸಿ, ಎಕ್ಸ್‌ರೇ ತಡೆಯುವ ಸೀಸದ ಏಪ್ರನ್ ಹಾಕಿಸಿ ಒಳಗೆ ಕರೆಸಿದೆ.

ಮುದುಕಿ ಮಗಳ ತಲೆಯ ಹತ್ತಿರ ಕುಳಿತಳು. "ಕೂಗು ನನ್ ಕಣ್ಣೇ. ಅವ್ವ ಸೊಲ್ತೀನಿ, ನೊಂದ್ರೆ ಕೂಗು."

ದಿಕ್ಕು ಬದಲಿಸಿ ಕೊಳವೆಯನ್ನು ಕೂದಲೆಳೆಯಷ್ಟು ನೂಕಿದೆ. ರಾಮಕ್ಕಾಳ್ ಕಿರುಚಿದ ರಭಸಕ್ಕೆ ನರ್ಸ್ ಬೆಚ್ಚಿದಳು. ನನಗೆ ಹೋದ ಜೀವ ಬಂದಂತಾಯಿತು. ಕೊಳವೆಯನ್ನು ಇನ್ನೊಂದು ಮಗ್ಗುಲಿಗೆ ವಾಲಿಸಿ ಮತ್ತೆ ಕೇಳಿದೆ. ಈ ಸಲ ಅವಳು ಒಂದು ಗಳಿಗೆ ಯೋಚಿಸಿ, "ಈಗಿಲ್ಲ ಸಾಮಿ" ಎಂದಳು. ಐವತ್ತು ನಿಮಿಷದಲ್ಲಿ ಡಿಸ್ಕಿನ ತುಣುಕು ಹೊರಬಂತು. ಸಂಜೆಗೆ ಹೆಬ್ಬೆರಳು ಸ್ವಲ್ಪ ಮೇಲೆದ್ದಿತು.

ವಾರ್ಡಿನಲ್ಲಿ ಕೆಂಚಮ್ಮಾಳನ್ನು, ಮಗಳಿಗೆ ಹಾಗೆ ಹೇಳಿಕೊಡಬಹುದೇ ಎಂದು ಗದರಿಸಿದೆ. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ಐದು ಹೆತ್ತೆ ಸಾಮಿ. ನೋಯ್ತದಾ ಅಂತ ನನ್ನ ಒಬ್ರೂ ಕೇಳಿಲ್ಲ. ಡಾಕ್ಟರ್ ಕೇಳಿದ್ರೆ ಸೊಲ್ಲಬೇಕು ಅಂತ ನಂಗೆಂಗೆ ತಿಳೀತದೆ?"

ಅಂದಿನಿಂದ ಆಪರೇಷನ್ನಿನ ಹಿಂದಿನ ದಿನ ರೋಗಿಯನ್ನು ಮೊದಲು ಕೇಳುವುದು, ನೋವಾದರೆ ಕೂಗಬೇಡ ಎಂದು ಮನೆಯಲ್ಲಿ ಹೇಳಿದವರು ಯಾರು ಎಂದು. ಅವರನ್ನೂ ಎದುರು ಕೂರಿಸಿಕೊಂಡು, ಅವರಿಗೆ ಎಲ್ಲಿ ನೋವು ಎಂದೂ ಕೇಳುತ್ತೇನೆ.