ಅಲೆಗಳಾಚೆ ಕಂಡ ಗೆಳತಿ

ದೂರದೇಶದ ಕಡಲತೀರದ ಊರು ನೆಲ್ಸನ್‌ನಲ್ಲಿ ಸೇತುವೆಗಳ ನಕ್ಷೆ ತಯಾರಿಸುವ ಎಂಜಿನಿಯರ್ ಕಾತ್ಯಾಯಿನಿ ಮೈಸೂರಿನವಳು. ಶನಿವಾರ ಊರಿನ ಸಣ್ಣ ಮ್ಯೂಸಿಯಮ್ಮಿಗೆ ಹೋಗಿ ಹಳೆಯ ಕಾಗದಗಳನ್ನು ಓದಿ ಕಂಪ್ಯೂಟರಿಗೆ ಇಳಿಸಿಕೊಡುವುದು ಅವಳ ಹವ್ಯಾಸ. ಹೋದ ವರ್ಷ ಅವಳ ಪಾಲಿಗೆ ಬಂದದ್ದು ೧೮೬೦ರ ದಶಕದ ಪತ್ರಗಳ ಒಂದು ಕಟ್ಟು. ನೆಲ್ಸನ್‌ನ ಹ್ಯಾರಿಯೆಟ್, ಕೊಲ್ಲಿಯ ಆಚೆ ದಡದ ಲವೀನಿಯಾ ಪರಸ್ಪರ ಬರೆದುಕೊಂಡದ್ದು. ಇಂಗ್ಲೆಂಡಿನಿಂದ ಒಂದೇ ಹಡಗಿನಲ್ಲಿ ಬಂದಿಳಿದ ಗೆಳತಿಯರು. ಕಾಗದ ಉಳಿಸಲೆಂದು ಹಾಳೆಯನ್ನು ಅಡ್ಡ ತಿರುಗಿಸಿ, ಬರೆದ ಸಾಲುಗಳ ಮೇಲೆಯೇ ಮತ್ತೆ ಬರೆದಿದ್ದರು. ಭೂತಗನ್ನಡಿ ಹಿಡಿದು ಒಂದೊಂದೇ ಪದ ಬಿಡಿಸಬೇಕು.

ಎಲ್ಲದರಲ್ಲೂ ಇದ್ದದ್ದು ಒಂದೇ ಮಾತು: ಯಾವಾಗ ಬರುತ್ತೀ? ದೋಣಿ ಸಿಕ್ಕರೆ ಗಾಳಿ ಇಲ್ಲ. ಗಾಳಿ ಬಂದರೆ ಮಗುವಿಗೆ ಜ್ವರ. 'ಬಾ' ಎಂಬ ಕಾಗದ ತಲುಪುವಷ್ಟರಲ್ಲಿ 'ಬರಲಾರೆ' ಎಂಬುದು ಆ ಕಡೆಯಿಂದ ಹೊರಟಿರುತ್ತಿತ್ತು.

ಕೊನೆಗೊಮ್ಮೆ ಹ್ಯಾರಿಯೆಟ್ ಹೊರಟೇಬಿಟ್ಟಳು. ಆಮೇಲೆ ಲವೀನಿಯಾ ಬರೆದದ್ದನ್ನು ಓದುತ್ತಾ ಕಾತ್ಯಾಯಿನಿ ಕುರ್ಚಿಯಿಂದ ಎದ್ದು ನಿಂತಳು.

'ಅಲೆಗಳಿಗೆ ಹೆದರಿ ದೋಣಿ ವಾಪಸು ತಿರುಗಿದಾಗ ನಾನು ಮರಳಿನ ಮೇಲಿದ್ದೆ. ನೀಲಿ ಶಾಲು ಬೀಸಿದವಳು ನೀನೇ ತಾನೇ?'

ಹ್ಯಾರಿಯೆಟ್ ಉತ್ತರಿಸಿದ್ದಳು: 'ನಾನೇ. ನೀನು ಸೊರಗಿದ್ದೀಯ. ಬೇಸಿಗೆಗೆ ಮತ್ತೆ ಹೊರಡುತ್ತೇನೆ.'

ಅಲ್ಲಿ ಬೇಸಿಗೆಯೆಂದರೆ ಡಿಸೆಂಬರಿನಿಂದ ಫೆಬ್ರವರಿ; ಆ ತಿಂಗಳುಗಳ ಕಾಗದ ಒಂದೂ ಇರಲಿಲ್ಲ. ಕಾತ್ಯಾಯಿನಿ ಕಟ್ಟನ್ನೆಲ್ಲ ತಡಕಿದಳು. ದೋಣಿ ಮುಳುಗಿತೇ? ಕೊನೆಗೆ ಏಪ್ರಿಲ್ ತಿಂಗಳಿನದೊಂದು ಸಿಕ್ಕಿತು. ಲವೀನಿಯಾಳದ್ದು: 'ನೀನು ಹೋದಾಗಿನಿಂದ ಮಕ್ಕಳು ನಿನ್ನ ಕುರ್ಚಿಯಲ್ಲಿ ಯಾರನ್ನೂ ಕೂರಗೊಡುವುದಿಲ್ಲ.'

ಕಾತ್ಯಾಯಿನಿ ಆ ಸಾಲನ್ನು ಮತ್ತೊಮ್ಮೆ ಓದಿದಳು. ಬೇಸಿಗೆಯಿಡೀ ಇಬ್ಬರೂ ಒಂದೇ ಮನೆಯಲ್ಲಿದ್ದರು. ಕಾಗದ ಯಾರಿಗೆ ಬರೆಯಬೇಕು! ಆ ಸಮುದ್ರವನ್ನು ಕಾತ್ಯಾಯಿನಿ ದಿನಾ ನೋಡುತ್ತಿದ್ದಳು. ಅದು ಇಷ್ಟು ಅಗಲವೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಮ್ಯೂಸಿಯಮ್ಮಿನ ಮೆಟ್ಟಿಲ ಮೇಲೆ ಕೂತು ಸ್ಮೃತಿಗೆ ಫೋನ್ ಮಾಡಿದಳು. ಓದುವ ದಿನಗಳಲ್ಲಿ ಇಬ್ಬರೂ ಫ್ಲಾಟ್‌ಮೇಟ್‌ಗಳು. ಸ್ಮೃತಿ ಈಗ ಬೆಟ್ಟಗಳಾಚೆಯ ಕ್ರೈಸ್ಟ್‌ಚರ್ಚ್‌ನ ಹಾರ್ನ್‌ಬಿ ಬಡಾವಣೆಯಲ್ಲಿ ಗೋದಾಮೊಂದರ ಮ್ಯಾನೇಜರ್. 'ಸಿಗೋಣ' ಎಂದು ಮೆಸೇಜು ಮಾಡಿಕೊಳ್ಳುತ್ತಲೇ ವರ್ಷಗಳು ಉರುಳಿದ್ದವು.

"ಶುಕ್ರವಾರ ಬರ್ತಿದೀನಿ ಕಣೇ."

"ಯಾಕೇ, ಏನಾಯ್ತು? ಎಲ್ಲಾ ಆರಾಮ ತಾನೇ?"

"ಆರಾಮ. ನಿನ್ನ ಮುಖ ನೋಡ್ಬೇಕು, ಅಷ್ಟೇ."

"ಘಾಟಿಯಲ್ಲಿ ಹಿಮ ಬೀಳತ್ತೆ. ಹುಷಾರಾಗಿ ಬಾ," ಎಂದಳು ಸ್ಮೃತಿ.

ಶುಕ್ರವಾರ ಕಾತ್ಯಾಯಿನಿ ಬೆಟ್ಟ ದಾಟಿ ಸಂಜೆಗೆ ಹಾರ್ನ್‌ಬಿ ತಲುಪಿದಳು. ಬಾಗಿಲು ತೆಗೆದ ಸ್ಮೃತಿಯ ಕೂದಲು ಅರ್ಧ ಬೆಳ್ಳಗಾಗಿತ್ತು. ಫೋಟೋಗಳಲ್ಲಿ ಅದು ಕಂಡೇ ಇರಲಿಲ್ಲ.

"ಇದೇನೇ ಇದು?" ಎಂದು ಕಾತ್ಯಾಯಿನಿ ಆ ಕೂದಲನ್ನು ಮುಟ್ಟಿದಳು.

"ಒಳಗೆ ಬಾರೇ, ದೋಸೆ ಸೀದುಹೋಗತ್ತೆ," ಎಂದಳು ಸ್ಮೃತಿ. ಹಾಗೆ ಹೇಳಿದರೂ ಹಿಡಿದ ಕೈ ಬಿಡಲಿಲ್ಲ.